ಮೂರು ಹೆಡಿಗೆ ಮಣ್ಣು

ಬೀರಿಯ ಪಾದವನ್ನು ಒಮ್ಮೆ ನೋಡಿದವರು ಮತ್ತೊಮ್ಮೆ ನೋಡುತ್ತಿರಲಿಲ್ಲ. ಹೊಳೆಯ ತಳದಲ್ಲಿ ಚಿಪ್ಪಿ ಎಲ್ಲಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಕಾಲಲ್ಲೇ ತಡಕಬೇಕು. ಎದೆಮಟ್ಟ ನೀರಲ್ಲಿ ನಿಂತು, ಹೆಬ್ಬೆರಳಿನಿಂದ ಕೆದಕಿ, ಸಿಕ್ಕಿತು ಅಂದಕೂಡಲೇ ಉಸಿರು ಹಿಡಿದು ಮುಳುಗಿ, ಎರಡೂ ಕೈಯಲ್ಲಿ ಬಾಚಿ ಹೆಡಿಗೆಗೆ ತುಂಬಬೇಕು. ಚಿಪ್ಪಿಯ ಅಂಚು ಬ್ಲೇಡಿನ ಹಾಗೆ. ಹದಿನಾಲ್ಕು ವರ್ಷ ತಡಕಿದ ಆ ಪಾದದಲ್ಲಿ ಗೀರು ಬೀಳದ ಜಾಗ ಇರಲಿಲ್ಲ. ಉಪ್ಪುನೀರು ಗಾಯವನ್ನು ಮಾಯಲು ಬಿಡುತ್ತಿರಲಿಲ್ಲ, ಕೊಳೆಯಲೂ ಬಿಡುತ್ತಿರಲಿಲ್ಲ.

ನಾನು ಜಟ್ಟು. ಅದೇ ಹೊಳೆಯಲ್ಲಿ ಚಿಪ್ಪಿ ಕಂಪನಿಯ ದೋಣಿ ನಡೆಸುತ್ತಿದ್ದವ. ಮಂಜಗುಣಿಯಿಂದ ಸ್ವಲ್ಪ ಮೇಲೆ, ಗಂಗಾವಳಿ ಅಗಲವಾಗುವಲ್ಲಿ, ನಲವತ್ತು ಹೆಂಗಸರು ಚಿಪ್ಪಿ ತೆಗೆಯುತ್ತಿದ್ದರು. ಅವರು ತುಂಬಿದ ಹೆಡಿಗೆಯನ್ನು ನಾನು ದಡ ಮುಟ್ಟಿಸುತ್ತಿದ್ದೆ. ಅಲ್ಲಿಂದ ಲಾರಿ ಹತ್ತಿ ಚಿಪ್ಪಿ ಸುಣ್ಣದ ಕಾರ್ಖಾನೆಗೆ ಹೋಗುತ್ತಿತ್ತು. ನೀರು ಇಳಿದಾಗ ಕೆಲಸ, ನೀರು ಏರಿದಾಗ ಮನೆ. ಮಳೆಗಾಲ ಬಂದರೆ ಗಜನಿ ಗದ್ದೆಯಲ್ಲಿ ಉಪ್ಪುನೀರಿಗೂ ಜಗ್ಗದ ಕಗ್ಗ ಬತ್ತ. ಇಷ್ಟೇ ನಮ್ಮ ಪಂಚಾಂಗ.

ತೊಂಬತ್ತೊಂದನೇ ಇಸವಿ ಜನವರಿಯಲ್ಲಿ ಚಾರ್ಟ್ ಸಾಹೇಬರು ಬಂದರು. ಅವರ ನಿಜವಾದ ಹೆಸರು ಏನೋ ಇತ್ತು. ಬಂದ ದಿನವೇ ಶೆಡ್ಡಿನ ಗೋಡೆಗೆ ಆಳೆತ್ತರದ ಒಂದು ಚಾರ್ಟು ಹೊಡೆದಿದ್ದರಿಂದ ಅವರಿಗೆ ಆ ಹೆಸರೇ ಉಳಿಯಿತು. ಘಟ್ಟದ ಮೇಲಿನ ಕಬ್ಬಿಣದ ಅದಿರಿನ ಗಣಿಗಳಲ್ಲಿ ಇಪ್ಪತ್ತು ವರ್ಷ ಪ್ಲಾನು ಬರೆದವರಂತೆ. ಸಣಕಲು ಮನುಷ್ಯ. ಯಾರಿಗೂ ಏಕವಚನ ಆಡುತ್ತಿರಲಿಲ್ಲ. ಬಿಸಿಲಿರಲಿ ಇಲ್ಲದಿರಲಿ ಕೊಡೆ ಹಿಡಿಯುತ್ತಿದ್ದರು.

ಅವರು ಬಂದಮೇಲೆಯೇ ನಮಗೆ ಗೊತ್ತಾದದ್ದು, ಸರ್ಕಾರದ ಕಾಗದದಲ್ಲಿ ನಮ್ಮ ಹೊಳೆ ಹೊಳೆಯಲ್ಲ, ಗಣಿ. ಚಿಪ್ಪಿ ಖನಿಜ. ಬೀರಿ ಗಣಿ ಕಾರ್ಮಿಕೆ. ಗಣಿ ಅಂದಮೇಲೆ ಹೆಲ್ಮೆಟ್ಟು ಬೇಕು. ನಲವತ್ತು ಹಳದಿ ಹೆಲ್ಮೆಟ್ಟು, ನಲವತ್ತು ಜೊತೆ ಗಂಬೂಟು ಬಂದವು. ಗಂಬೂಟು ಹಾಕಿ ಹೊಳೆಗಿಳಿದ ನಾಗು ನೀರು ತುಂಬಿ ಕಂತಿಯೇ ಬಿಡುತ್ತಿದ್ದಳು. ನಾನು ಜಡೆ ಹಿಡಿದು ಎಳೆದೆ.

"ಸಾಯ್ಬ್ರೆ, ಇದು ಎಂತಕ್ಕೆ?" ಅಂತ ಬೀರಿ ಹೆಲ್ಮೆಟ್ಟು ತೋರಿಸಿ ಕೇಳಿದಳು. "ಹೊಳೆಲಿ ತಲೆ ಮೇಲೆ ಎಂತದೂ ಬೀಳೂದಿಲ್ಲ. ಕೊಕ್ಕರೆ ಹಿಕ್ಕೆ ಹಾಕ್ರೆ ಮಾತ್ರ."

"ನಿಯಮ ಇದೆಯಮ್ಮಾ," ಅಂದರು ಸಾಹೇಬರು. ಬೇಸರದಿಂದಲೇ ಅಂದರು.

ಚಾರ್ಟಿನಲ್ಲಿ ಹನ್ನೆರಡು ತಿಂಗಳಿಗೆ ಹನ್ನೆರಡು ಮನೆ. ಒಂದೊಂದು ಮನೆಯಲ್ಲಿ ಒಂದು ನೀಲಿ ಕೋಲು, ಪಕ್ಕದಲ್ಲಿ ಅದರ ಮೂರರಷ್ಟು ಉದ್ದದ ಕೆಂಪು ಕೋಲು. ನೀಲಿ ಚಿಪ್ಪಿ, ಕೆಂಪು ಮಣ್ಣು. ಹನ್ನೆರಡು ತಿಂಗಳೂ ಕೋಲುಗಳು ಒಂದೇ ಎತ್ತರ, ಬಾಚಣಿಗೆಯ ಹಲ್ಲಿನ ಹಾಗೆ.

ಸಾಹೇಬರು ತಾಳ್ಮೆಯಿಂದ ವಿವರಿಸಿದರು. "ಗುಡ್ಡದೊಳಗೆ ಅದಿರು ಇರುತ್ತದೆ. ಅದರ ಮೇಲೆ ಮಣ್ಣು ಇರುತ್ತದೆ. ಅದಿರಿಗೆ ಬೆಲೆ, ಮಣ್ಣಿಗೆ ಬೆಲೆಯಿಲ್ಲ. ಹಾಗಂತ ಈ ವರ್ಷ ಅದಿರಷ್ಟೇ ತೆಗೆದುಕೊಂಡು ಮಣ್ಣಿನ ಕೆಲಸ ಮುಂದಕ್ಕೆ ಹಾಕಿದರೆ ಬರುವ ವರ್ಷ ಗಣಿಯೇ ಮುಚ್ಚಿಹೋಗುತ್ತದೆ. ಅದಕ್ಕೆ ಎರಡನ್ನೂ ತಿಂಗಳು ತಿಂಗಳು ಸಮ ಮಾಡಿಕೊಂಡು ಹೋಗಬೇಕು. ಒಂದು ಪಾಲು ಅದಿರಿಗೆ ಮೂರು ಪಾಲು ಮಣ್ಣು."

ಮಾತು ಸರಿಯಾಗಿಯೇ ಇತ್ತು. ಗುಡ್ಡಕ್ಕೆ.

"ನಮ್ಮ ಚಿಪ್ಪಿ ಮೇಲೆ ಮಣ್ಣಿಲ್ಲ ಸಾಯ್ಬ್ರೆ," ಅಂದಳು ಬೀರಿ. "ನೀರು ಅದೆ. ನೀರು ತೆಗೀಬೇಕನಾ?"

ಸಾಹೇಬರು ನಿಜವಾಗಿಯೂ ಯೋಚನೆ ಮಾಡಿದರು. "ನೀರು ತ್ಯಾಜ್ಯದಲ್ಲಿ ಬರುವುದಿಲ್ಲ," ಅಂದರು.

"ಮತ್ತೆ ಆಷಾಢದಲ್ಲೂ ಇಷ್ಟೇ ಚಿಪ್ಪಿ ಅಂತ ಬರ್ದೀರಿ. ಆಗ ನಾವು ಹೊಳೆಂದ ಚಿಪ್ಪಿ ತೆಗ್ಯೂದಿಲ್ಲ, ಹೊಳೆ ನಮ್ಮನ್ನೇ ತೆಗೀತದೆ."

ಹೆಂಗಸರು ನಕ್ಕರು. ಸಾಹೇಬರು ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡರು. ಚಾರ್ಟಿನಲ್ಲಿ ಏನೂ ಬದಲಾಗಲಿಲ್ಲ.

ಒಂದು ಮಧ್ಯಾಹ್ನ ದೋಣಿಯಲ್ಲಿ ನಾವಿಬ್ಬರೇ ಇದ್ದಾಗ ಅವರು ನನ್ನ ಹತ್ತಿರ ನಿಜ ಹೇಳಿದರು. ಲೀಸು ಮುಗಿಯುತ್ತ ಬಂದಿತ್ತು. ಹೊಸದು ಬೇಕಾದರೆ ಐದು ವರ್ಷದ ಪ್ಲಾನು ಕೊಡಬೇಕು. ಮಾಲೀಕರಿಗೆ ಎಂಟು ದಿನದಲ್ಲಿ ಬೇಕಿತ್ತು. ಇವರು ಹೊಳೆ ನೋಡುವ ಮೊದಲೇ, ತಾವು ಹಿಂದೆ ಗುಡ್ಡವೊಂದಕ್ಕೆ ಬರೆದ ಪ್ಲಾನನ್ನೇ ತೆಗೆದು, ಗುಡ್ಡ ಇದ್ದಲ್ಲಿ ಹೊಳೆ ಅಂತ, ಅದಿರು ಇದ್ದಲ್ಲಿ ಚಿಪ್ಪಿ ಅಂತ ಬರೆದು ಕಳಿಸಿದರು. ಅದು ಮಂಜೂರಾಗಿ ಬಂತು.

"ತಿದ್ದೂಕೆ ಆಗೂದಿಲ್ಲನಾ?" ಅಂದೆ.

"ತಿದ್ದಿದರೆ ಮೊದಲು ಬರೆದದ್ದು ಸುಳ್ಳು ಅಂತಾಗುತ್ತದೆ ಜಟ್ಟು. ಲೀಸು ಹೋಗುತ್ತದೆ. ನನ್ನ ಕೆಲಸವೂ ಹೋಗುತ್ತದೆ. ಮೇಲಿನ ಆಫೀಸಿನವರು ಬಂದು ಮಣ್ಣಿನ ರಾಶಿಗೆ ಟೇಪು ಹಿಡಿದು ಅಳೆಯುತ್ತಾರೆ. ರಾಶಿ ಇರಲೇಬೇಕು."

ಆ ವಾರದಿಂದ ಹೊಸ ಪದ್ಧತಿ ಬಂತು. ಮೂರು ಹೆಡಿಗೆ ಮಣ್ಣು ತಂದು ರಾಶಿಗೆ ಹಾಕಿದವರಿಗೆ ಮೂರು ಕೆಂಪು ಚೀಟಿ. ಮೂರು ಕೆಂಪು ಚೀಟಿ ತೋರಿಸಿದರೆ ಮಾತ್ರ ಒಂದು ಹೆಡಿಗೆ ಚಿಪ್ಪಿಯನ್ನು ಕಂಪನಿ ಒಪ್ಪಿಕೊಳ್ಳುತ್ತದೆ. ಮಣ್ಣಿಗೆ ಕೂಲಿಯಿಲ್ಲ, ಯಾಕೆಂದರೆ ಅದು ತ್ಯಾಜ್ಯ. ಚೀಟಿ ಹಂಚುವ ಕೆಲಸ ಸೂಪರ್‌ವೈಸರ್ ಸಾಯಿನಾಥನದ್ದು. ನಮ್ಮದೇ ಕೇರಿಯ ಹುಡುಗ, ಅಂಕೋಲೆಯಲ್ಲಿ ಪಿಯುಸಿ ಓದಿದವ, ತಿಮ್ಮಿಯ ಮಗ. ತಿಮ್ಮಿಯೂ ಆ ನಲವತ್ತರಲ್ಲಿ ಒಬ್ಬಳು.

"ಮಣ್ಣು ಎಲ್ಲಿಂದ ತರೂದು ತಮಾ?" ಅಂತ ಬೀರಿ ಕೇಳಿದಳು.

"ಅದು ಚಾರ್ಟಲ್ಲಿಲ್ಲ ಬೀರಕ್ಕಾ," ಅಂದ ಅವ. "ಎಲ್ಲಿಂದಾದ್ರೂ ತನ್ನಿ."

ಮೊದಮೊದಲು ಹೊಳೆಯಂಚಿನ ಕೆಸರನ್ನು ತಂದು ದಡಕ್ಕೆ ಹಾಕಿದೆವು. ಹುಣ್ಣಿಮೆಯ ಭರತಿ ಬಂತು. ನೀರು ಏರಿ ರಾಶಿಯನ್ನೆಲ್ಲ ಎಳೆದುಕೊಂಡು ಹೋಯಿತು. ಬೆಳಿಗ್ಗೆ ಸಾಹೇಬರು ಖಾಲಿ ದಡದಲ್ಲಿ ಕೊಡೆ ಹಿಡಿದು ಬಹಳ ಹೊತ್ತು ನಿಂತಿದ್ದರು. ಆಮೇಲೆ ರಾಶಿಯ ಜಾಗ ಮೇಲಕ್ಕೆ ಸರಿಯಿತು, ಶೆಡ್ಡಿನ ಹಿಂದೆ, ಕಂಪನಿಯ ಬೇಲಿಯೊಳಗೆ. ಅಲ್ಲಿಯವರೆಗೆ ಹೊರುವ ಹಾದಿಯೂ ದೂರವಾಯಿತು. ಇಳಿತದ ಮೂರು ನಾಲ್ಕು ಗಂಟೆ ಚಿಪ್ಪಿಗೇ ಸಾಲುವುದಿಲ್ಲ. ಇನ್ನು ಕೆಸರಿಗೆ ಎಲ್ಲಿಯ ಪುರಸೊತ್ತು? ದಡದಲ್ಲಿ ಚಿಪ್ಪಿಯ ಹೆಡಿಗೆಗಳು ಸಾಲಾಗಿ ಕೂತವು. ಮಣ್ಣಿಲ್ಲದ ಚಿಪ್ಪಿ ಚಿಪ್ಪಿಯೇ ಅಲ್ಲ ಅಂತ ಕಂಪನಿ ಅಂದಿತು. ಹತ್ತು ದಿನ ಅವು ಹಾಗೇ ಕೂತವು. ಹತ್ತು ದಿನ ನಲವತ್ತು ಮನೆಯಲ್ಲಿ ಗಂಜಿ ತೆಳ್ಳಗಾಗುತ್ತ ಹೋಯಿತು. ಕಡೆಗೆ ಬೀರಿಯ ಮನೆಯಲ್ಲಿ ಅದು ಬರೀ ಬಿಸಿನೀರಾಗಿ, ಮೇಲೆ ನಾಲ್ಕು ಅಗುಳು ತೇಲುತ್ತಿದ್ದವು.

ಹನ್ನೊಂದನೇ ದಿನ ನಾಗು ಗಜನಿಯ ಒಡ್ಡಿನ ಕಡೆ ನೋಡಿದಳು. ಉಳಿದವರೂ ಆ ಕಡೆ ನೋಡಿದರು.

ಗಜನಿ ಅಂದರೆ ಹೊಳೆಗಿಂತ ತಗ್ಗಿನ ಗದ್ದೆ. ಹೊಳೆಗೂ ಗದ್ದೆಗೂ ನಡುವೆ ಮಣ್ಣಿನ ಒಡ್ಡು. ಒಡ್ಡು ಇದ್ದರೆ ಗದ್ದೆ, ಇಲ್ಲದಿದ್ದರೆ ಅದೂ ಹೊಳೆಯೇ. ಆ ಗದ್ದೆ ಒಡೆಯರ ಕೈಯಿಂದ ಬಿಡಿಸಿಕೊಂಡು ನಮ್ಮ ಇಪ್ಪತ್ತೆರಡು ಮನೆಗಳ ಹೆಸರಿಗೆ ಆಗಲು ಹನ್ನೊಂದು ವರ್ಷ ಹಿಡಿದಿತ್ತು. ಪ್ರತಿ ಬೇಸಿಗೆ ಒಡ್ಡಿಗೆ ಹೊಸ ಮಣ್ಣು ಹಾಕಿ ತುಳಿದು ಗಟ್ಟಿ ಮಾಡುತ್ತಿದ್ದೆವು. ಆ ಬೇಸಿಗೆ ಅದೇ ಒಡ್ಡಿಗೆ ಗುದ್ದಲಿ ಹಾಕಿದೆವು. "ಮೇಲಿಂದ ಒಂದು ಪದರ ಮಾತ್ರ," ಅಂದುಕೊಂಡೆವು. ಮಾರ್ಚಿನಲ್ಲಿ ಒಂದು ಪದರ, ಏಪ್ರಿಲಿನಲ್ಲಿ ಮತ್ತೊಂದು. ಹೊರೆ ಹಗುರಾಗಲಿ ಅಂತ ಅರ್ಧ ದಾರಿ ನನ್ನ ದೋಣಿಯಲ್ಲಿ ಸಾಗಿಸಿದೆ. ಅದು ನನ್ನ ಪಾಲಿನ ತಪ್ಪು. ನಾನು ಮುಚ್ಚಿಡುವುದಿಲ್ಲ.

ಬೀರಿಯ ಗಂಡ ತಿಮ್ಮು ಕೈಗಾದಲ್ಲಿ ನೌಕರರನ್ನು ಕರೆದೊಯ್ಯುವ ಬಸ್ಸು ತೊಳೆಯುವ ಕೆಲಸಕ್ಕಿದ್ದ. ಶನಿವಾರ ಮನೆಗೆ ಬರುತ್ತಿದ್ದ. ಒಂದು ಶನಿವಾರ ಒಡ್ಡಿನ ಮೇಲೆ ನಡೆದು ಬರುವಾಗ ಕಾಲು ಜಾರಿ ಗದ್ದೆಗೆ ಬಿದ್ದ. "ಒಡ್ಡಲ್ಲಿ ಇಬ್ರು ಎದುರುಬದುರು ದಾಟೂ ಹಂಗಿತ್ತು. ಈಗ ನಾಯಿ ನಡ್ಯೂಕೂ ಆಗೂದಿಲ್ಲ. ಎಂತ ಮಾಡ್ತಾ ಇದ್ದೀರೆ ನೀವು?" ಅಂದ.

ಬೀರಿ ಬಾಗಿಲ ಮೊಳೆಗೆ ಸಿಕ್ಕಿಸಿದ್ದ ಕೆಂಪು ಚೀಟಿಗಳನ್ನು ನೋಡಿದಳಷ್ಟೆ.

ಮೇ ತಿಂಗಳಲ್ಲಿ ಮೇಲಿನ ಆಫೀಸಿನ ಇನ್‌ಸ್ಪೆಕ್ಟರು ಬಂದರು. ಅವರು ಬಂದದ್ದು ಹನ್ನೊಂದು ಗಂಟೆಗೆ. ಅವತ್ತು ಹನ್ನೊಂದಕ್ಕೆ ಭರತಿ ತುದಿ ಮುಟ್ಟಿತ್ತು. ನೀರು ಏರಿದಾಗ ಹೊಳೆಯಲ್ಲಿ ಯಾರಿಗೂ ಕೆಲಸ ಇರುವುದಿಲ್ಲ. ಆದರೆ ಗಣಿ ಅಂದಮೇಲೆ ಹನ್ನೊಂದು ಗಂಟೆಗೆ ಜನ ಕಾಣಬೇಕು. ಸಾಹೇಬರು ಕೈ ಮುಗಿದರು. ಹೆಂಗಸರು ಹೆಲ್ಮೆಟ್ಟು ಕಟ್ಟಿಕೊಂಡು ಇಳಿದರು. ದಡದ ಹತ್ತಿರವೇ ನೀರು ಗದ್ದದವರೆಗೆ ಬಂತು. ದಡದಿಂದ ನೋಡಿದರೆ ನಲವತ್ತು ಹಳದಿ ಚೆಂಡು ಹೊಳೆಯ ಮೇಲೆ ತೇಲಿದ ಹಾಗೆ ಕಾಣುತ್ತಿತ್ತು.

ಇನ್‌ಸ್ಪೆಕ್ಟರು ನನ್ನ ದೋಣಿಯಲ್ಲಿ ಕೂತು ಬೀರಿಯ ತಲೆಯ ಹತ್ತಿರ ಬಂದರು. "ಗಣಿಯ ಆಳ ಎಷ್ಟಮ್ಮಾ?" ಅಂತ ಕೇಳಿದರು.

"ಈಗ ಗದ್ದದ ಮಟ್ಟ ಒಡೆಯಾ. ಸಂಜೆಗೆ ಮೊಣಕಾಲು ಮಟ್ಟ."

ಅವರು ಎರಡನ್ನೂ ಬರೆದುಕೊಂಡರು. ಮಧ್ಯೆ ಸರಾಸರಿ ತೆಗೆದರೋ ಏನೋ. ಆಮೇಲೆ ರಾಶಿಯ ಹತ್ತಿರ ಹೋಗಿ ಟೇಪು ಹಿಡಿದರು. ರಾಶಿ ಮೂರಾಳು ಎತ್ತರವಾಗಿತ್ತು. ಒಂದಕ್ಕೆ ಮೂರು, ಸರಿಯಾಗಿ ಬಂತು. ಎಳನೀರು ಕುಡಿದು ಹೊರಟರು. ಚಾರ್ಟ್ ಸಾಹೇಬರು ಅವತ್ತು ಮೊದಲ ಸಲ ಕೊಡೆ ಮಡಚಿದ್ದನ್ನು ನೋಡಿದೆ.

ಬೀರಿ ಒದ್ದೆ ಸೀರೆಯಲ್ಲೇ ಅವರ ಮುಂದೆ ನಿಂತಳು. "ಸಾಯ್ಬ್ರೆ, ಅಳ್ದು ಆತಲ್ಲ. ಇನ್ನು ಮಣ್ಣು ನಮಗೆ ಕೊಡಿ. ಮಳೆ ಬತ್ತದೆ."

"ಅದು ಹೇಗಾಗುತ್ತದಮ್ಮಾ? ಐದು ವರ್ಷ ರಾಶಿ ಬೆಳೆಯುತ್ತ ಹೋಗಬೇಕು. ಇದು ಮೊದಲನೇ ವರ್ಷ."

"ಐದು ವರ್ಷ ಬೆಳೀಬೇಕು ಅಂದ್ರೆ ಮಣ್ಣು ಎಲ್ಲಿಂದ?"

ಸಾಹೇಬರು ಮಡಚಿದ ಕೊಡೆಯನ್ನು ಮತ್ತೆ ಬಿಡಿಸಿದರು.

ಜೂನ್ ಎಂಟಕ್ಕೆ ಮಳೆ ಹಿಡಿಯಿತು. ಗದ್ದೆಗೆ ಮೊಳಕೆ ಬತ್ತ ಬಿತ್ತಿ ಮೂರು ದಿನ ಆಗಿತ್ತು. ಅಮಾವಾಸ್ಯೆಯ ಭರತಿಗೆ ಘಟ್ಟದಿಂದ ಇಳಿದ ಕೆಂಪು ನೀರೂ ಸೇರಿ ಹೊಳೆ ಒಡ್ಡಿನ ನೆತ್ತಿಗೆ ಬಂತು. ನಾಗುವಿನ ಗದ್ದೆಯ ಹತ್ತಿರ ಒಂದು ಕಡೆ ಒಡ್ಡು ಬಾಯಿ ಬಿಟ್ಟಿತು. ತೆಂಗಿನ ಗರಿ, ಮನೆಯ ಬಾಗಿಲು, ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತಿ ಅದನ್ನು ಹೇಗೋ ಮುಚ್ಚಿದೆವು. ನಾಗುವಿನ ಬಿತ್ತನೆ ಅಷ್ಟೂ ತೊಳೆದುಹೋಯಿತು. ಅವಳು ಗದ್ದೆಯಂಚಿನಲ್ಲಿ ಕೂತು ಕೈಯಿಂದ ಕೆಸರು ಬಳಿದು ಬಳಿದು ಕಾಳು ಹುಡುಕುತ್ತಿದ್ದಳು. ಇನ್ನೊಂದು ಭರತಿ ತಡೆಯುವ ಶಕ್ತಿ ಒಡ್ಡಿಗೆ ಇರಲಿಲ್ಲ.

ಬೀರಿ ಮನೆಯಿಂದ ಹೆಡಿಗೆ ತೆಗೆದುಕೊಂಡು ನಡೆದಳು. ಯಾರನ್ನೂ ಕರೆಯಲಿಲ್ಲ. ಬಾಗಿಲ ಮೊಳೆಯ ಚೀಟಿಗಳನ್ನು ಕಿತ್ತು ಒಲೆಗೆ ಹಾಕಿ ಬಂದಳು ಅಂತ ಆಮೇಲೆ ಗೊತ್ತಾಯಿತು. ಅವಳ ಹಿಂದೆ ನಾಗು, ನಾಗುವಿನ ಹಿಂದೆ ಎಲ್ಲರೂ ಹೊರಟರು. ಹಗಲು ಹನ್ನೊಂದು ಗಂಟೆ. ಸುರಿಯುವ ಮಳೆ. ನಾನು ದೋಣಿ ಬಿಚ್ಚಿದೆ.

ಕಂಪನಿಯ ಬೇಲಿಯೊಳಗೆ ಸಾಯಿನಾಥ ರಾಶಿಯ ಮೇಲೆ ಹತ್ತಿ ಎರಡೂ ಕೈ ಅಗಲಿಸಿ ನಿಂತಿದ್ದ. "ಮುಟ್ಬೇಡಿ! ಇದು ಗಣಿ ಸ್ವತ್ತು! ಒಂದು ಹೆಡಿಗೆ ಕಡಿಮೆ ಆದ್ರೂ ನನ್ನ ಕೆಲಸ ಹೋಗ್ತದೆ!"

"ಇಳಿ ತಮಾ," ಅಂದಳು ಬೀರಿ.

"ನಾ ಇಳ್ಯೂದಿಲ್ಲ. ನನ್ನ ಮೇಲೆ ಗುದ್ದಲಿ ಹಾಕಿ ಬೇಕಾದ್ರೆ."

ಗುಂಪಿನ ಹಿಂದಿನಿಂದ ತಿಮ್ಮಿ ಮುಂದೆ ಬಂದಳು. ಮಗನ ಮುಖ ನೋಡಲಿಲ್ಲ. ಅವನ ಕಾಲಬುಡಕ್ಕೇ ಕೂತು, ಎರಡೂ ಕೈಯಲ್ಲಿ ಮಣ್ಣು ಬಗೆದು ಹೆಡಿಗೆಗೆ ತುಂಬತೊಡಗಿದಳು. ಅವ ಒಂದು ಹೆಜ್ಜೆ ಹಿಂದೆ ಸರಿದ. ಅವಳು ಅಲ್ಲಿಯದ್ದೂ ಬಗೆದಳು. ಮತ್ತೊಂದು ಹೆಜ್ಜೆ. ಹಾಗೆ ಸರಿಯುತ್ತ ಸರಿಯುತ್ತ ಅವ ಕೆಳಗೆ ಬಂದು ನಿಂತ. ತಿಮ್ಮಿ ಹೆಡಿಗೆ ಎತ್ತಲು ನೋಡಿದಳು, ಆಗಲಿಲ್ಲ. ವಯಸ್ಸಾಗಿತ್ತು. ಸಾಯಿನಾಥ ಸುತ್ತ ನೋಡಿ, ಬಗ್ಗಿ ಹೆಡಿಗೆಯನ್ನು ಅಬ್ಬೆಯ ತಲೆಗೆ ಏರಿಸಿದ. ಆಮೇಲೆ ಶೆಡ್ಡಿನೊಳಗೆ ಹೋಗಿ ಬಾಗಿಲು ಹಾಕಿಕೊಂಡ.

ಎರಡು ದಿನ ಹೊತ್ತೆವು. ಮೂರು ತಿಂಗಳಲ್ಲಿ ತಂದದ್ದು ಎರಡು ದಿನದಲ್ಲಿ ಮನೆಗೆ ಹೋಯಿತು. ತಿಮ್ಮು ಕೈಗಾಕ್ಕೆ ಹೋಗದೆ ನಿಂತ, ಗಂಡಸರೆಲ್ಲ ಒಡ್ಡು ತುಳಿದರು. ಮುಂದಿನ ಹುಣ್ಣಿಮೆಯ ಭರತಿ ಬಂದು ಒಡ್ಡಿಗೆ ಹಣೆ ಚಚ್ಚಿ ಹಿಂದೆ ಹೋಯಿತು.

ಭರತಿ ಹೋದಮೇಲೆ ಪೊಲೀಸರು ಬಂದರು. ಕಂಪನಿ ಮಣ್ಣು ಕಳವಿನ ಫಿರ್ಯಾದು ಕೊಟ್ಟಿತ್ತು. ಕೆಳಗೆ ಸಾಯಿನಾಥನ ಸಹಿ ಇತ್ತು. ಆರೋಪಿಗಳು ನಲವತ್ತೊಂದು ಜನ, ನಾನೂ ಸೇರಿ.

"ಕದ್ದ ಮಾಲು ಎಲ್ಲಿ?" ಅಂದರು ದಫೇದಾರರು.

ಬೀರಿ ಒಡ್ಡಿನ ಉದ್ದಕ್ಕೂ ಕೈ ತೋರಿಸಿದಳು. "ಅಗಾ, ಅಲ್ಲಿ ಮನ್ಗದೆ. ಎಬ್ಸಿ ಕರ್ಕಂಡು ಹೋಗಿ."

ಅಷ್ಟೂ ಜಪ್ತಿ ಮಾಡಲು ಜಾಗವೆಲ್ಲಿ? ಒಂದು ಹೆಡಿಗೆ ಮಣ್ಣು ಅಗೆದು, ಬಟ್ಟೆ ಕಟ್ಟಿ, ಅರಗು ಒತ್ತಿ, ಪಂಚರ ಸಹಿ ಹಾಕಿಸಿ ಸ್ಟೇಶನ್ನಿಗೆ ಒಯ್ದರು. ನಮ್ಮನ್ನೂ ಒಯ್ದರು. ಅಂಕೋಲೆಯ ವಕೀಲರೊಬ್ಬರು ಪುಣ್ಯಾತ್ಮರು, ಜಾಮೀನು ಕೊಡಿಸಿದರು. ಆದರೆ ಆ ಮಣ್ಣಿಗೆ ಜಾಮೀನು ಸಿಗಲಿಲ್ಲ. ಅದರಲ್ಲಿ ಬಿತ್ತನೆಯ ಕಾಳು ಸಿಕ್ಕಿಕೊಂಡಿತ್ತು. ಹದಿನೈದು ದಿನದಲ್ಲಿ ಬಟ್ಟೆಯ ಎಳೆ ಸರಿಸಿ ಕಗ್ಗದ ಸಸಿ ಮೇಲೆದ್ದಿತು. ಜಪ್ತಿ ಮಾಡಿದ ಮುದ್ದೆಮಾಲು ಕೆಡಬಾರದು ಅಂತ ನಿಯಮ. ಸಸಿ ಕಿತ್ತರೆ ಮಾಲಿನಲ್ಲಿ ಕೈಯಾಡಿಸಿದ ಹಾಗೆ, ಬಿಟ್ಟರೆ ಮಾಲೇ ಬೇರೆ ಆಗುತ್ತದೆ. ದಫೇದಾರರು ಗದ್ದೆ ಮಾಡುವ ಮನೆಯವರು. ಅದನ್ನು ಕಿಟಕಿಯ ಹತ್ತಿರ ಬೆಳಕಿಗೆ ಸರಿಸಿದರು.

ಅಕ್ಟೋಬರಿನಲ್ಲಿ ಕಂಪನಿ ನಮ್ಮನ್ನೇ ಮತ್ತೆ ಕೆಲಸಕ್ಕೆ ಕರೆಯಿತು. ಕಳ್ಳರು ಅಂತ ಬಿಡುವ ಹಾಗಿರಲಿಲ್ಲ. ಕಾಲಲ್ಲಿ ಚಿಪ್ಪಿ ಗುರುತಿಸುವವರು ಬೇರೆ ಯಾರೂ ಇರಲಿಲ್ಲ. ಕೆಂಪು ಚೀಟಿಯ ಮಾತನ್ನು ಯಾರೂ ಎತ್ತಲಿಲ್ಲ. ಹೊಳೆಗಿಳಿದರೆ ಕಾರ್ಮಿಕರು, ಕೋರ್ಟು ಹತ್ತಿದರೆ ಆರೋಪಿಗಳು. ಸಾಹೇಬರು ಹೊಸ ಚಾರ್ಟು ಹೊಡೆದಿದ್ದರು. ನಮ್ಮ ಕೋರ್ಟಿನ ತಾರೀಕಿಗೆ ಕಪ್ಪು ಚುಕ್ಕೆ ಇಟ್ಟು, ಆ ದಿನದ ಚಿಪ್ಪಿಯನ್ನು ಉಳಿದ ದಿನಗಳಿಗೆ ಸಮನಾಗಿ ಹಂಚಿದ್ದರು.

ದೀಪಾವಳಿ ಕಳೆದ ಶನಿವಾರ ತಿಮ್ಮು ಒಂದು ಪೇಪರು ತಂದ. ಬಸ್ಸು ತೊಳೆಯುವಾಗ ಸೀಟಿನಲ್ಲಿ ಸಿಕ್ಕಿದ್ದು. ಅದರಲ್ಲಿ ನಮ್ಮ ಕಂಪನಿಯ ಮಾಲೀಕರ ಫೋಟೊ. ಕಾರವಾರದಲ್ಲಿ ಒಂದು ಸಭೆ, ಅವರ ಕೈಯಲ್ಲಿ ಹಿತ್ತಾಳೆಯ ಫಲಕ. ತಿಮ್ಮು ಅಕ್ಷರ ಕೂಡಿಸಿ ಕೂಡಿಸಿ ಓದಿದ: "ಗಣಿಯ ತ್ಯಾಜ್ಯ ಮಣ್ಣಿನಿಂದ ರೈತರ ಒಡ್ಡನ್ನು ಸ್ವಂತ ಖರ್ಚಿನಲ್ಲಿ ಪುನಃ ಕಟ್ಟಿಸಿ ಪರಿಸರ ಕಾಪಾಡಿದ ಕಂಪನಿಗೆ ಪ್ರಶಸ್ತಿ."

ಮಳೆಗಾಲ ಮುಗಿದಮೇಲೆ ಇನ್‌ಸ್ಪೆಕ್ಟರು ಮತ್ತೆ ಬಂದಿದ್ದರಂತೆ. ರಾಶಿ ಇರಲಿಲ್ಲ, ಒಡ್ಡು ಇತ್ತು. ಮಣ್ಣು ಎಲ್ಲಿ ಅಂತ ಕೇಳಿದಾಗ ಕಂಪನಿಯವರು ಏನಾದರೂ ಹೇಳಬೇಕಲ್ಲ.

ಬೀರಿ ಆ ಪೇಪರನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿ ಕೋರ್ಟಿಗೆ ಬಂದಳು. ಮ್ಯಾಜಿಸ್ಟ್ರೇಟರು ಹೆಸರು ಕರೆದು, ತಪ್ಪು ಒಪ್ಪುತ್ತೀಯಾ ಅಂತ ಕೇಳಿದಾಗ ಪೇಪರು ತೆಗೆದು ಮೇಜಿನ ಮೇಲೆ ಇಟ್ಟಳು.

"ನಾ ಓದಿದವಳಲ್ಲ ಒಡೆಯಾ. ಒಡ್ಡು ಕಂಪನಿಯವ್ರೇ ಕಟ್ಸದ್ರು ಅಂತ ಇದ್ರಲ್ಲಿ ಅದೆಯಂತೆ. ಅವ್ರು ಕಟ್ಸದ್ದು ಹೌದಾದ್ರೆ ನಾವು ಕದ್ದದ್ದು ಎಂತ? ನಾವು ಕದ್ದದ್ದು ಹೌದಾದ್ರೆ ಅವ್ರು ಕಟ್ಸದ್ದು ಎಂತ?"

ಮ್ಯಾಜಿಸ್ಟ್ರೇಟರು ಎರಡು ಸಲ ಓದಿದರು. ಕಂಪನಿಯ ವಕೀಲರ ಕಡೆ ನೋಡಿದರು. ವಕೀಲರು ಎದ್ದು ಸಮಯ ಕೇಳಿದರು.

ಸಮಯ ಕೊಟ್ಟು ಕೊಟ್ಟು ಎರಡು ವರ್ಷವಾಯಿತು. ಪ್ರತಿ ತಾರೀಕಿಗೆ ನಲವತ್ತೊಂದು ಜನ ಕೆಲಸ ಬಿಟ್ಟು ಅಂಕೋಲೆಗೆ ಹೋಗಿ ಮರದ ಕೆಳಗೆ ಕೂತೆವು. ನಡುವೆ ತಿಮ್ಮಿ ತೀರಿಕೊಂಡಳು. ಆರೋಪಿ ಹಾಜರಿಲ್ಲ ಅಂತ ಅವಳ ಮೇಲೆ ವಾರಂಟು ಹೊರಟಿತು. ಅದನ್ನು ಮನೆಯಲ್ಲಿ ತೆಗೆದುಕೊಂಡವ ಸಾಯಿನಾಥ. ಮರುದಿನ ಅವ ಕಂಪನಿಯ ಕೆಲಸ ಬಿಟ್ಟು, ಫಿರ್ಯಾದಿಗೆ ಹಾಕಿದ ಸಹಿ ಕಂಪನಿ ಹೇಳಿ ಹಾಕಿಸಿದ್ದು ಅಂತ ಬರೆದು ನಮ್ಮ ವಕೀಲರಿಗೆ ಕೊಟ್ಟ. ಮುಂದಿನ ತಾರೀಕಿಗೆ ನಮ್ಮ ಜೊತೆಯೇ ಮರದ ಕೆಳಗೆ ಬಂದು ಕೂತ.

ಅವತ್ತು ಅದೇ ಮರದ ಕೆಳಗೆ ಚಾರ್ಟ್ ಸಾಹೇಬರು ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬೀರಿಯ ಎದುರು ಕುಕ್ಕುರುಗಾಲಲ್ಲಿ ಕೂತರು.

"ಬೀರಮ್ಮಾ, ಕಂಪನಿ ಕೇಸು ಹಿಂದೆ ತೆಗೆದುಕೊಳ್ಳುತ್ತದೆ. ಮಾಲೀಕರು ಒಪ್ಪಿದ್ದಾರೆ. ಒಂದೇ ಒಂದು ಸಹಾಯ ಮಾಡಬೇಕು."

"ಎಂತದು ಸಾಯ್ಬ್ರೆ?"

"ಬರುವ ಸೋಮವಾರ ಮೇಲಿನವರು ರಾಶಿ ಅಳೆಯಲು ಬರುತ್ತಾರೆ. ಹೊಸಬರು, ಕಟ್ಟುನಿಟ್ಟಿನವರು. ಪ್ಲಾನಿನ ಪ್ರಕಾರ ಈಗ ಮೂರನೇ ವರ್ಷದ ರಾಶಿ ಇರಬೇಕು. ಒಂದೇ ದಿನದ ಮಟ್ಟಿಗೆ ಆ ಮಣ್ಣನ್ನು ತಂದು ಹಾಕಿ. ಅಳೆದು ಹೋದ ಕೂಡಲೇ ನೀವೇ ವಾಪಸು ತೆಗೆದುಕೊಂಡು ಹೋಗಿ. ನಾನು ಬರೆದು ಕೊಡುತ್ತೇನೆ."

ಅವರು ಮೋಸದಿಂದ ಹೇಳುತ್ತಿರಲಿಲ್ಲ. ನಿಜವಾಗಿಯೂ ಬರೆದು ಕೊಡುತ್ತಿದ್ದರು. ಜೇಬಿನಿಂದ ಪೆನ್ನು ಆಗಲೇ ತೆಗೆದಿದ್ದರು. ನಾವೆಲ್ಲ ಬೀರಿಯ ಮುಖ ನೋಡಿದೆವು. ಎರಡು ವರ್ಷದ ಅಲೆದಾಟ ಒಂದು ಮಾತಿಗೆ ಮುಗಿಯುತ್ತಿತ್ತು.

ಒಳಗಿನಿಂದ ಜವಾನ ಕೇಸಿನ ನಂಬರು ಕೂಗಿದ. ಬೀರಿ ಎದ್ದು ಸೀರೆಯ ಮಣ್ಣು ಕೊಡವಿದಳು.

"ಆಗೂದಿಲ್ಲ ಸಾಯ್ಬ್ರೆ," ಅಂದಳು. "ಮಣ್ಣಿಗೆ ಈಗ ಪುರಸೊತ್ತಿಲ್ಲ. ಅದು ಕೆಲಸದ ಮೇಲದೆ."

ಸಾಯಿನಾಥನೂ ಸೇರಿ ನಾವು ನಲವತ್ತು ಜನವೂ ಅವಳ ಹಿಂದೆ ಮೆಟ್ಟಿಲು ಹತ್ತಿದೆವು.